ಸತ್ತ ಎತ್ತಿನ ಸ್ಮರಣೆ: ಅನುಕಂಪೆಯೋ, ಮಮಕಾರವೋ?

ಬಂಧುಬಾಂಧವರು ತೀರಿಕೊಂಡಾಗ ದುಃಖಿಸುವುದು, ಅವರ ಹೆಸರಿನಲ್ಲಿ ದಾನ ಮಾಡುವುದು, ಬಸದಿಯ ಗೋಡೆಯಲ್ಲಿ ಒಂದು ಕಲ್ಲು ಹಾಕಿಸುವುದು ಶ್ರಾವಕರ ಮನೆಗಳಲ್ಲಿ ಎಂದಿನಿಂದಲೂ ನಡೆದುಬಂದ ಪದ್ಧತಿ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಆದರೆ ತೀರಿಕೊಂಡದ್ದು ಗೋಶಾಲೆಯ ಒಂದು ಮುದಿ ಎತ್ತಾದರೆ? ಕಸಾಯಿಖಾನೆಗೆ ಹೊರಟ ಲಾರಿಯಿಂದ ಇಳಿಸಿಕೊಂಡು, ಆರೇಳು ವರ್ಷ ಮೇವು ಹಾಕಿ, ಹೆಸರಿಟ್ಟು ಕರೆದ ಎತ್ತು ಒಂದು ಬೆಳಗ್ಗೆ ಕೊಟ್ಟಿಗೆಯಲ್ಲಿ ಕಾಲು ಚಾಚಿ ಮಲಗಿರುವುದನ್ನು ಕಂಡು, ಅದನ್ನು ನೋಡಿಕೊಳ್ಳುತ್ತಿದ್ದ ಆಳು ಊಟ ಬಿಟ್ಟು ಕುಳಿತರೆ, ಹೂಳಿದ ಜಾಗದಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಬೇಡಿದರೆ, ಸಂಸ್ಥೆಯ ಧರ್ಮದರ್ಶಿಗಳು ಅವನಿಗೆ ಏನೆಂದು ಉತ್ತರ ಕೊಡಬೇಕು?

ಇಂಥ ಸಂದರ್ಭದಲ್ಲಿ ಸಮಾಜದಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯದು ಶಾಸ್ತ್ರ ಬಲ್ಲವರದು. ಜೀವದಯೆ ಸಕಲ ಜೀವಗಳಿಗೂ ಸಮನಾಗಿ ಸಲ್ಲಬೇಕಾದುದು. ಒಂದನ್ನು ಆರಿಸಿಕೊಂಡು ಅದಕ್ಕೆ ಹೆಸರಿಟ್ಟು ಅಳುವುದು ರಾಗ. ರಾಗವು ಕರ್ಮಬಂಧಕ್ಕೆ ಕಾರಣ. ದಯೆಯ ಹೆಸರಿನಲ್ಲಿ ಮೋಹವನ್ನು ಸಾಕಬಾರದು ಎಂಬುದು ಅವರ ಆಕ್ಷೇಪ. ಎರಡನೆಯದು ವ್ಯವಹಾರ ಬಲ್ಲವರದು. ಕಲ್ಲಿಗೆ ಹಾಕುವ ಹಣಕ್ಕೆ ಎರಡು ಗಾಡಿ ಹುಲ್ಲು ಬರುತ್ತದೆ, ಬದುಕಿರುವ ದನಗಳಾದರೂ ತಿನ್ನಲಿ ಎಂದು ಅವರು ಹೇಳುತ್ತಾರೆ. ಎರಡೂ ಹಗುರವಾದ ಮಾತುಗಳಲ್ಲ. ದನ ನೋಡಿಕೊಳ್ಳುವವನು ಮಾತ್ರ ವಾದ ಮಾಡುವುದಿಲ್ಲ, ಅವನಿಗೆ ವಾದ ಬಾರದು. ಆದರೆ ಅವನ ಮೌನದಲ್ಲಿಯೂ ಒಂದು ಪಕ್ಷವಿದೆ, ಅದನ್ನು ಯಾರಾದರೂ ಎತ್ತಿ ಹಿಡಿಯಬೇಕಾಗಿದೆ.

ಈ ಪ್ರಶ್ನೆಯನ್ನು ಹಳ್ಳಿಯ ಹೊಲದ ಬದುವಿನ ಮೇಲೆ ಕುಳಿತು ಕೇಳುವುದಕ್ಕಿಂತ ಬೆಂಗಳೂರಿನ ಪೀಣ್ಯದಂಥ ಸ್ಥಳದಲ್ಲಿ ನಿಂತು ಕೇಳುವುದು ಹೆಚ್ಚು ಉಚಿತ. ತುಮಕೂರು ರಸ್ತೆಯ ಇಕ್ಕೆಲಗಳ ಆ ಕೈಗಾರಿಕಾ ಪ್ರದೇಶದಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಆಯುಷ್ಯವಿದೆ, ಆಯುಷ್ಯ ಮುಗಿದ ಮೇಲೆ ಒಂದು ಗುಜರಿ ಬೆಲೆಯಿದೆ. ಲೇತು, ಪ್ರೆಸ್ಸು, ಮಿಲ್ಲಿಂಗ್ ಯಂತ್ರ ಎಲ್ಲವೂ ಕೊಂಡ ವರ್ಷ ಪೂರ್ಣ ಬೆಲೆಗೆ ಪುಸ್ತಕವನ್ನು ಸೇರುತ್ತವೆ, ವರ್ಷವರ್ಷವೂ ಸವಕಳಿಯಿಂದ ಇಳಿಯುತ್ತವೆ, ಕಡೆಗೆ ತೂಕದ ಲೆಕ್ಕದಲ್ಲಿ ಹೊರಗೆ ಹೋಗುತ್ತವೆ. ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು ಹೂವಿನ ಮಾಲೆ ಹಾಕಿದ ಕೈಯೇ ಮರುವರ್ಷ ಅದನ್ನು ಗುಜರಿಯವನಿಗೆ ಕೊಟ್ಟು ರಸೀತಿ ಬರೆಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಯಂತ್ರಕ್ಕೆ ಜೀವವಿಲ್ಲ. ತಪ್ಪು ಹುಟ್ಟುವುದು ಇದೇ ಲೆಕ್ಕ ಜೀವವಿರುವುದಕ್ಕೂ ಅನ್ವಯಿಸಿದಾಗ.

ಅನ್ವಯಿಸುವ ಪರಿಪಾಠ ಹೊಸದಲ್ಲ. 1961ರ ಆದಾಯ ತೆರಿಗೆ ಕಾಯಿದೆಯನ್ನು ಬರೆದವರು ಅದರ 36ನೆಯ ಕಲಮಿನಲ್ಲಿ ದುಡಿಯುವ ಪ್ರಾಣಿಗಳಿಗಾಗಿ ಒಂದು ಉಪಕಲಮನ್ನು ಸೇರಿಸಿದರು. ಮಾರಾಟದ ಸರಕಾಗಿ ಅಲ್ಲದೆ ವ್ಯಾಪಾರದ ಕೆಲಸಕ್ಕಾಗಿ ಬಳಸಿದ ಪ್ರಾಣಿ ಸತ್ತರೆ, ಇಲ್ಲವೇ ಆ ಕೆಲಸಕ್ಕೆ ಶಾಶ್ವತವಾಗಿ ನಿರುಪಯೋಗಿಯಾದರೆ, ಕೊಂಡ ಬೆಲೆಯಲ್ಲಿ ಅದರ ಕಳೇಬರದಿಂದ ಅಥವಾ ಅದರಿಂದಲೇ ಬಂದ ಹಣವನ್ನು ಕಳೆದು ಉಳಿದುದನ್ನು ಖರ್ಚೆಂದು ತೋರಿಸಬಹುದು ಎಂಬುದು ಅದರ ತಾತ್ಪರ್ಯ. ಲೆಕ್ಕ ಬರೆಯುವವರು ಇದನ್ನು ಓದಿ ಮುಂದೆ ಹೋಗುತ್ತಾರೆ. ನಿಂತು ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಸಾಯುವುದೂ ನಿರುಪಯೋಗಿಯಾಗುವುದೂ ಒಂದೇ ಸಾಲಿನಲ್ಲಿವೆ. ಕಳೇಬರವೂ ಬದುಕಿರುವ ಪ್ರಾಣಿಯೂ ಒಂದೇ ಸಾಲಿನಲ್ಲಿವೆ. ತೆರಿಗೆಯ ದೃಷ್ಟಿಯಿಂದ ಅದು ಸರಿಯೇ, ಏಕೆಂದರೆ ಲೆಕ್ಕಪುಸ್ತಕವು ಕಣ್ಣೀರಿಡಲು ಇರುವುದಲ್ಲ. ಆದರೆ ದುಡಿಮೆ ನಿಂತ ದಿನದಿಂದ ಪ್ರಾಣ ಹೋಗುವ ದಿನದವರೆಗೆ ಎತ್ತು ಬದುಕುತ್ತದೆಯಲ್ಲ, ಆ ಕಾಲಕ್ಕೆ ಆ ಪುಸ್ತಕದಲ್ಲಿ ಅಂಕಣವೇ ಇಲ್ಲ. ಎತ್ತು ಇಪ್ಪತ್ತು ವರ್ಷದವರೆಗೂ ಬದುಕಬಲ್ಲದು, ಅದರ ದುಡಿಮೆಯ ಕಾಲ ಹೆಚ್ಚುಕಡಿಮೆ ಅದರ ಅರ್ಧ. ಪಿಂಜರಾಪೋಲು ಎಂಬ ಸಂಸ್ಥೆ ಹುಟ್ಟಿದ್ದೇ ಈ ಖಾಲಿ ಅಂಕಣವನ್ನು ತುಂಬುವುದಕ್ಕಾಗಿ.

ಪೀಣ್ಯವನ್ನು ನೆನೆಯುವುದಕ್ಕೆ ಇನ್ನೊಂದು ಕಾರಣವೂ ಇದೆ. ಭಾರತದ ಮೊದಲನೆಯ ಉಪಗ್ರಹವಾದ ಆರ್ಯಭಟವನ್ನು ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಕಟ್ಟಿದ್ದು ಇಲ್ಲಿನ ಕೈಗಾರಿಕಾ ಶೆಡ್ಡುಗಳಲ್ಲಿ. 1975ರ ಏಪ್ರಿಲ್ 19ರಂದು ಸೋವಿಯತ್ ರಷ್ಯದ ನೆಲದಿಂದ ಅದು ಆಕಾಶಕ್ಕೆ ಏರಿತು. ಎರಡು ರೂಪಾಯಿಯ ನೋಟಿನ ಬೆನ್ನಿನಲ್ಲಿ ಅದರ ಚಿತ್ರ ಬಂದು, ಅಂಗಡಿಗಳ ಗಲ್ಲಾಪೆಟ್ಟಿಗೆಗಳಲ್ಲಿ ಎಷ್ಟೋ ವರ್ಷ ಕೈಯಿಂದ ಕೈಗೆ ದಾಟಿತು. ಅನಂತರ ಬಂದದ್ದು ಆ್ಯಪಲ್ ಎಂಬ ಸಂಪರ್ಕ ಉಪಗ್ರಹ, 1981ರ ಜೂನ್ 19ರಂದು ಉಡಾವಣೆಗೊಂಡದ್ದು. ಅದರ ಆಂಟೆನಾವನ್ನು ಪರೀಕ್ಷಿಸಲು ಲೋಹದ ಅಡ್ಡಿಯಿಲ್ಲದ ವಾಹನ ಬೇಕಾಗಿತ್ತು. ಲಾರಿ ಆಗದು. ಆದುದರಿಂದ ಮರದ ಎತ್ತಿನ ಗಾಡಿಯೊಂದನ್ನು ತರಿಸಿ ಅದರ ಮೇಲೆ ಉಪಗ್ರಹವನ್ನು ಇರಿಸಿದರು. ಆ ಛಾಯಾಚಿತ್ರ ಲೋಕಪ್ರಸಿದ್ಧವಾಯಿತು. ಹಳೆಯ ಭಾರತವೂ ಹೊಸ ಭಾರತವೂ ಒಂದೇ ಚೌಕಟ್ಟಿನಲ್ಲಿವೆ ಎಂದು ಅದನ್ನು ಕಂಡವರೆಲ್ಲ ಹೇಳಿದರು. ಉಪಗ್ರಹ ಯಾವ ದಿನ ಕಕ್ಷೆ ಸೇರಿತು, ಎಷ್ಟು ಕಾಲ ಕೆಲಸ ಮಾಡಿತು ಎಂಬ ದಾಖಲೆ ಅಚ್ಚಾಗಿದೆ. ನೊಗ ಹೊತ್ತು ನಿಂತಿರುವ ಎರಡು ಎತ್ತುಗಳ ಹೆಸರನ್ನಾಗಲಿ, ಅವು ಮುಂದೆ ಏನಾದವು ಎಂಬುದನ್ನಾಗಲಿ ಆ ಚಿತ್ರದ ಅಡಿಬರಹಗಳು ಹೇಳುವುದಿಲ್ಲ. ವಿಜ್ಞಾನಿಗಳನ್ನು ದೂರಬೇಕಾದ ವಿಷಯ ಇದಲ್ಲ. ಅವರು ಬಾಡಿಗೆಯ ಗಾಡಿ ತರಿಸಿದರು, ಕೆಲಸ ಮುಗಿಯಿತು. ಲೋಕದಲ್ಲಿ ಎತ್ತಿನ ಸ್ಮರಣೆ ಎಲ್ಲಿಗೆ ನಿಲ್ಲುತ್ತದೆ ಎಂಬುದಕ್ಕೆ ಆ ಚಿತ್ರ ಸಾಕ್ಷಿಯಾಗಿದೆ, ಅಷ್ಟೆ.

ಹಾಗಾದರೆ ಪ್ರಾಣಿಗಾಗಿ ಕಲ್ಲು ನಿಲ್ಲಿಸಿದ ಪದ್ಧತಿ ಈ ನಾಡಿನಲ್ಲಿ ಇರಲೇ ಇಲ್ಲವೆ? ಇತ್ತು. ಪೀಣ್ಯದಿಂದ ಹೆಚ್ಚು ದೂರ ಹೋಗಬೇಕಾಗಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆಯ ಮದ್ದೂರು ಸೀಮೆಯ ಆತಕೂರಿನಿಂದ ತಂದ ಆ ಶಿಲಾಶಾಸನ ಕ್ರಿ.ಶ. 949-50ರದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಏನು ಬೇಕೋ ಕೇಳೆಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ಕಾಡುಹಂದಿಯೊಡನೆ ಹೋರಾಡಿತು, ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ನಾಯಿಗಾಗಿ ಆತಕೂರಿನ ಚೆಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಡಲಾಯಿತು, ಪೂಜೆ ಮಾಡದೆ ಉಣ್ಣುವವನಿಗೆ ದೋಷವೆಂದು ಬರೆಯಲಾಯಿತು. ಒಂದು ನಾಯಿಯ ಹೆಸರು ಸಾವಿರ ವರ್ಷ ದಾಟಿ ಬಂದಿರುವುದು ಸಾಮಾನ್ಯವಲ್ಲ. ಆದರೆ ಆ ಶಿಲ್ಪದಲ್ಲಿ ಹಂದಿಯೂ ಇದೆ. ಅದಕ್ಕೆ ಹೆಸರಿಲ್ಲ. ಅದು ತನ್ನ ಪ್ರಾಣಕ್ಕಾಗಿ ಹೋರಾಡಿತು, ನಾಯಿ ಒಡೆಯನಿಗಾಗಿ ಹೋರಾಡಿತು. ಕಲ್ಲು ಸಿಕ್ಕಿದ್ದು ಒಡೆಯನಿಗಾಗಿ ಸತ್ತದ್ದಕ್ಕೆ.

ವೀರಗಲ್ಲುಗಳ ನೀತಿಯೇ ಇದು, ಸೇವೆಗೆ ಸ್ಮರಣೆ. ಜೈನರಲ್ಲಿ ಇನ್ನೊಂದು ಬಗೆಯ ಕಲ್ಲು ಉಂಟು, ನಿಷಿಧಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಅವು ತುಂಬಿವೆ. ಅವು ಯಾರಿಗೂ ಗೆದ್ದುಕೊಟ್ಟವರ ಕಲ್ಲುಗಳಲ್ಲ, ಸಮಾಧಿಮರಣವನ್ನು ಹೊಂದಿದವರ ಕಲ್ಲುಗಳು. ಗೋಶಾಲೆಯ ಎತ್ತಿನ ಕಲ್ಲು ಇವೆರಡರಲ್ಲಿ ಯಾವ ಜಾತಿಗೆ ಸೇರಬೇಕು? ಅದು ಯುದ್ಧ ಮಾಡಲಿಲ್ಲ, ಸಲ್ಲೇಖನ ವ್ರತವನ್ನೂ ಹಿಡಿಯಲಿಲ್ಲ. ಗೋಶಾಲೆಗೆ ಬಂದ ಮೇಲೆ ಅದು ಯಾರಿಗೂ ಏನನ್ನೂ ಮಾಡಿಕೊಡಲಿಲ್ಲ, ತಿಂದಿತು, ಮಲಗಿತು, ಪರಿಚಿತ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿತು. ಅಂಥದನ್ನು ನೆನೆಯುವುದಾದರೆ ಉಪಕಾರಕ್ಕೆ ಪ್ರತಿಯಾಗಿ ನೆನೆಯುವುದಲ್ಲ, ಅದು ಇದ್ದಿತೆಂಬ ಒಂದೇ ಕಾರಣಕ್ಕೆ ನೆನೆಯುವುದು. ಈ ಭೇದವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಶಾಸ್ತ್ರದ ಆಕ್ಷೇಪವನ್ನು ನೋಡಬೇಕು.

ಆಕ್ಷೇಪ ಬಲವಾದುದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುವಾಗ ಶೋಕವನ್ನು ಹೆಸರು ಹಿಡಿದು ಹೇಳಿದ್ದಾರೆ. ಒಂಬತ್ತನೆಯ ಅಧ್ಯಾಯದಲ್ಲಿ ಇಷ್ಟವಾದುದು ಅಗಲಿದಾಗ ಅದನ್ನೇ ಮತ್ತೆ ಮತ್ತೆ ಚಿಂತಿಸುವುದು ಆರ್ತಧ್ಯಾನವೆಂದಿದ್ದಾರೆ. ಆರ್ತಧ್ಯಾನದ ಫಲ ತಿರ್ಯಂಚಗತಿ. ಎತ್ತಿಗಾಗಿ ಅಳುವವನು ಎತ್ತಾಗಿ ಹುಟ್ಟಿಯಾನು ಎಂಬುದು ಇದರಿಂದ ಹೊರಡುವ ಅರ್ಥ! ವೈದಿಕ ಪುರಾಣದಲ್ಲಿಯೂ ಇದಕ್ಕೆ ಸರಿಯಾದ ಕಥೆಯಿದೆ. ಭಾಗವತದ ಭರತರಾಜನು ರಾಜ್ಯವನ್ನೇ ತ್ಯಜಿಸಿ ತಪಸ್ಸಿಗೆ ಬಂದವನು, ಹೊಳೆಯಲ್ಲಿ ತೇಲಿಹೋಗುತ್ತಿದ್ದ ತಬ್ಬಲಿ ಜಿಂಕೆಮರಿಯನ್ನು ರಕ್ಷಿಸಿದನು, ಸಾಕಿದನು, ಅದರ ಚಿಂತೆಯಲ್ಲಿಯೇ ಪ್ರಾಣಬಿಟ್ಟು ಜಿಂಕೆಯಾಗಿ ಹುಟ್ಟಿದನು. ರಾಜ್ಯವನ್ನು ಬಿಡಲು ಸಾಧ್ಯವಾದವನಿಗೆ ಮರಿಯನ್ನು ಬಿಡಲಾಗಲಿಲ್ಲ. ಆದರೆ ಗಮನಿಸಬೇಕಾದ ಅಂಶವೊಂದಿದೆ. ಮರಿಯನ್ನು ನೀರಿನಿಂದ ಎತ್ತಿದ್ದು ಅವನ ಪತನಕ್ಕೆ ಕಾರಣವೆಂದು ಆ ಕಥೆ ಹೇಳುವುದಿಲ್ಲ. ಎತ್ತಿದ ಮೇಲೆ ಅದು ‘ನನ್ನದು’ ಆದುದೇ ಕಾರಣ.

ಈಗ ಅದೇ ಆರನೆಯ ಅಧ್ಯಾಯದಲ್ಲಿ ಮುಂದಿನ ಸೂತ್ರವನ್ನು ಓದಬೇಕು. ಅಲ್ಲಿ ಸಾತಾವೇದನೀಯಕ್ಕೆ ಕಾರಣಗಳನ್ನು ಹೇಳುವಾಗ ಮೊದಲಿಗೆ ಬರುವುದೇ ಪ್ರಾಣಿಗಳ ಮೇಲಿನ ಅನುಕಂಪೆ. ಶೋಕವೂ ಅನುಕಂಪೆಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ಒಂದು ದುಃಖದ ಕರ್ಮಕ್ಕೆ, ಇನ್ನೊಂದು ಸುಖದ ಕರ್ಮಕ್ಕೆ. ಹೊರಗಿನಿಂದ ನೋಡಿದರೆ ಎರಡರಲ್ಲಿಯೂ ಕಣ್ಣು ಒದ್ದೆ. ಭೇದವನ್ನು ತೋರಿಸಿಕೊಟ್ಟವರು ಪೂಜ್ಯಪಾದಾಚಾರ್ಯರು. ಸರ್ವಾರ್ಥಸಿದ್ಧಿಯಲ್ಲಿ ಅವರು ಶೋಕಕ್ಕೆ ಕೊಡುವ ಅರ್ಥ, ತನಗೆ ಉಪಕಾರ ಮಾಡುತ್ತಿದ್ದುದರ ಸಂಬಂಧ ಕಡಿದುಹೋದಾಗ ಹುಟ್ಟುವ ಕಳವಳ ಎಂಬುದು. ಅನುಕಂಪೆಗೆ ಕೊಡುವ ಅರ್ಥ ಬೇರೆ. ಪರರ ಪೀಡೆಯನ್ನು ತನ್ನಲ್ಲಿಯೇ ಇದೆಯೋ ಎಂಬಂತೆ ಕಂಡು, ಆರ್ದ್ರವಾದ ಚಿತ್ತವು ಕಂಪಿಸುವುದೇ ಅನುಕಂಪೆ. ಶೋಕದ ಕೇಂದ್ರದಲ್ಲಿ ಅಳುವವನಿದ್ದಾನೆ, ಅವನಿಗೆ ಆದ ನಷ್ಟವಿದೆ. ಅನುಕಂಪೆಯ ಕೇಂದ್ರದಲ್ಲಿ ಆ ಇನ್ನೊಂದು ಜೀವವಿದೆ. ಹಾಲು ಕೊಡುವ ಹಸು ಸತ್ತಾಗ ಮನೆಯವರು ಅಳುವುದರಲ್ಲಿ ಎರಡೂ ಬೆರೆತಿರುತ್ತವೆ, ಬೇರ್ಪಡಿಸುವುದು ಕಷ್ಟ. ಏನನ್ನೂ ಕೊಡದ ಮುದಿ ಎತ್ತಿನ ವಿಷಯದಲ್ಲಿ ಉಪಕಾರದ ಸಂಬಂಧವೇ ಇಲ್ಲವಾದುದರಿಂದ, ಪೂಜ್ಯಪಾದರ ಅಳತೆಯ ಪ್ರಕಾರ ಶೋಕಕ್ಕೆ ಅಲ್ಲಿ ಆಸ್ಪದ ಕಡಿಮೆ. ಆಳಿನ ಕಣ್ಣೀರನ್ನು ಮೋಹವೆಂದು ತಳ್ಳಿಹಾಕುವ ಪಂಡಿತರು ಈ ಮಾತನ್ನು ಸ್ವಲ್ಪ ಯೋಚಿಸಬೇಕು.

ಕಡಿಮೆ ಎಂದ ಮಾತ್ರಕ್ಕೆ ಇಲ್ಲವೇ ಇಲ್ಲವೆಂದಲ್ಲ. ಸಾಕಿದವನಿಗೆ ‘ನನ್ನ ಕೈ ತುತ್ತು ತಿಂದದ್ದು’ ಎಂಬ ಅಭಿಮಾನ ಬರುತ್ತದೆ, ದಾನ ಕೊಟ್ಟವನಿಗೆ ‘ನಾನು ಉಳಿಸಿದ್ದು’ ಎಂಬುದು ಇನ್ನೂ ಬೇಗ ಬರುತ್ತದೆ. ಗೋಶಾಲೆಗಳ ಗೋಡೆಯ ಮೇಲೆ ದಾನಿಗಳ ಹೆಸರು ಅಮೃತಶಿಲೆಯಲ್ಲಿ, ದನಗಳ ಹೆಸರು ಸುಣ್ಣದಲ್ಲಿ ಇರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು, ಒಂದನ್ನೇ ಏಕೆ ನೆನೆಯಬೇಕು, ಎಲ್ಲವೂ ಜೀವಗಳೇ ಅಲ್ಲವೆ ಎಂಬ ಪ್ರಶ್ನೆ. ಇದಕ್ಕೆ ಉತ್ತರ ಜೈನ ತತ್ತ್ವದ ಅಡಿಪಾಯದಲ್ಲಿಯೇ ಇದೆ. ಎಲ್ಲ ದೇಹಗಳಲ್ಲಿಯೂ ಒಂದೇ ಆತ್ಮವೆಂದು ಅದ್ವೈತಿಗಳು ಹೇಳಬಹುದು. ಜೈನ ದರ್ಶನವು ಹಾಗೆ ಹೇಳುವುದಿಲ್ಲ. ಜೀವಗಳು ಅನಂತ, ಪ್ರತಿಯೊಂದೂ ಪ್ರತ್ಯೇಕ, ಮೋಕ್ಷದಲ್ಲಿಯೂ ಒಂದು ಇನ್ನೊಂದರಲ್ಲಿ ಕರಗುವುದಿಲ್ಲ. ಹಾಗಿರುವಾಗ ಒಂದು ಎತ್ತಿನ ಬದಲಿಗೆ ಇನ್ನೊಂದು ಎತ್ತು ಎಂಬ ಮಾತು ಸಂತೆಯಲ್ಲಿ ನಡೆದೀತು, ಸಿದ್ಧಾಂತದಲ್ಲಿ ನಡೆಯದು. ಇದಕ್ಕೆ ಇತ್ತೀಚಿನ ಒಂದು ಉದಾಹರಣೆ ಇಂಗ್ಲೆಂಡಿನಲ್ಲಿ ಸಿಗುತ್ತದೆ. ಲಂಡನ್ನಿಗೆ ಸಮೀಪದ ಭಕ್ತಿವೇದಾಂತ ಮ್ಯಾನರಿನ ಗೋಶಾಲೆಯಲ್ಲಿ ಗಂಗೋತ್ರಿ ಎಂಬ ಹದಿಮೂರು ವರ್ಷದ ಹಸು ಪೆಟ್ಟು ತಿಂದು ಹಿಂಗಾಲು ಬಿದ್ದುಹೋಗಿ ಮಲಗಿತ್ತು. ಅಲ್ಲಿನ ಭಕ್ತರು ಅದಕ್ಕೆ ಶುಶ್ರೂಷೆ ಮಾಡುತ್ತಿದ್ದರು. 2007ರ ಡಿಸೆಂಬರಿನಲ್ಲಿ ಆರ್‌ಎಸ್‌ಪಿಸಿಎ ಎಂಬ ಪ್ರಾಣಿದಯಾ ಸಂಸ್ಥೆಯವರು ಬಂದು, ಅದು ನರಳುತ್ತಿದೆಯೆಂದು ತೀರ್ಮಾನಿಸಿ, ಸೂಜಿಮದ್ದಿನಿಂದ ಅದರ ಪ್ರಾಣ ತೆಗೆದರು. ಬಹಳ ಪ್ರತಿಭಟನೆಯಾಯಿತು. ಮರುವರ್ಷ ರಾಜಿಯಾಗಿ, ಆ ಸಂಸ್ಥೆಯವರು ಮ್ಯಾನರಿಗೆ ಅದಿತಿ ಎಂಬ ಗಬ್ಬದ ಹಸುವೊಂದನ್ನು ಕೊಟ್ಟರು. ಕೊಟ್ಟವರ ಮನಸ್ಸು ಒಳ್ಳೆಯದೇ, ಸ್ವೀಕರಿಸಿದವರೂ ವಿವೇಕಿಗಳೇ. ಆದರೆ ಅದಿತಿಯ ಬರುವಿಕೆಯಿಂದ ಗಂಗೋತ್ರಿಯ ಲೆಕ್ಕ ತೀರಿತೆಂದು ಅಲ್ಲಿ ಯಾರೂ ಭಾವಿಸಿರಲಾರರು. ಅದಿತಿ ಅದಿತಿಯೇ. (ನರಳುವ ಪ್ರಾಣಿಯನ್ನು ಕೊಲ್ಲುವುದು ದಯೆಯೆ ಎಂಬುದು ಬೇರೊಂದು ಲೇಖನಕ್ಕೆ ತಕ್ಕ ವಿಷಯ. ಪೀಡೆಯನ್ನು ನೋಡಲಾರದೆ ಕೊಲ್ಲುವವನು ಯಾರ ಪೀಡೆಯನ್ನು ಕಳೆಯುತ್ತಾನೆ ಎಂದು ಮಾತ್ರ ಇಲ್ಲಿ ಕೇಳಿ ಬಿಡಬಹುದು.)

ಅದೇ ವರ್ಷದ ಜುಲೈ 26ರಂದು ವೇಲ್ಸ್ ಪ್ರಾಂತದ ಸ್ಕಂದ ವೇಲ್ ಆಶ್ರಮದ ಶಂಭೋ ಎಂಬ ಕರಿಯ ಹೋರಿಯನ್ನು ಕ್ಷಯರೋಗದ ಪರೀಕ್ಷೆಯಲ್ಲಿ ಸಿಕ್ಕಿಬಿದ್ದಿತೆಂಬ ಕಾರಣಕ್ಕೆ ಸರ್ಕಾರದವರು ಕೊಂದಿದ್ದರು. ಮೊಕದ್ದಮೆ ನಡೆಯಿತು, ಕೆಳಗಿನ ನ್ಯಾಯಾಲಯದಲ್ಲಿ ಆಶ್ರ‍ಮ ಗೆದ್ದಿತು, ಮೇಲಿನ ನ್ಯಾಯಾಲಯದಲ್ಲಿ ಸೋತಿತು. ಹೆಸರಿದ್ದುದರಿಂದ ಶಂಭೋವನ್ನು ಲೋಕವೇ ಬಲ್ಲದಾಯಿತು. ಅದೇ ರೋಗಕ್ಕಾಗಿ ಆ ದೇಶದಲ್ಲಿ ಪ್ರತಿವರ್ಷ ಸಾವಿರಾರು ದನಗಳನ್ನು ಕೊಲ್ಲುತ್ತಿದ್ದರು, ಅವುಗಳ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಹೆಸರಿನಲ್ಲಿ ಇರುವ ಅಪಾಯ ಇಲ್ಲಿ ಕಾಣುತ್ತದೆ. ಅದು ಒಂದನ್ನು ಬೆಳಕಿಗೆ ತಂದು ಉಳಿದವನ್ನು ಕತ್ತಲಲ್ಲಿ ಬಿಡಬಲ್ಲದು. ಸ್ಮರಣೆಯನ್ನು ಸಮರ್ಥಿಸುವವರು ಈ ದೋಷವನ್ನು ಮುಚ್ಚಿಡಬಾರದು.

ಆದರೆ ಮುಖವಿಲ್ಲದ ದಯೆಯಲ್ಲಿಯೂ ದೋಷವಿದೆ, ಅದು ಅಷ್ಟು ಬೇಗ ಕಾಣುವುದಿಲ್ಲ. ಪ್ರತಿಕ್ರಮಣದಲ್ಲಿಯೂ ಕ್ಷಮಾವಣಿಯ ದಿನವೂ ಶ್ರಾವಕನು ಸಮಸ್ತ ಜೀವರಾಶಿಯಲ್ಲಿ ಕ್ಷಮೆ ಬೇಡುತ್ತಾನೆ. ಸಮಸ್ತ ಜೀವರಾಶಿಯಲ್ಲಿ ಕ್ಷಮೆ ಬೇಡುವುದು ಬಹಳ ಸುಲಭ. ಅದು ಎದುರಿಗೆ ನಿಂತು ನೋಡುವುದಿಲ್ಲ. ಒಂದು ಎತ್ತಿನ ಎದುರಿಗೆ ನಿಂತು ಬೇಡುವುದು ಕಷ್ಟ. ಅಹಿಂಸಾಣುವ್ರತಕ್ಕೆ ಉಮಾಸ್ವಾಮಿಗಳು ಹೇಳಿದ ಐದು ಅತಿಚಾರಗಳನ್ನು ಎಷ್ಟೋ ಜನ ಬಾಯಿಪಾಠ ಮಾಡಿರುತ್ತಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಕೊಲೆಯಲ್ಲ, ದೊಣ್ಣೆ ಬಾರುಕೋಲುಗಳ ಹೊಡೆತವೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಗಾಡಿ ಎಳೆದು ಮುದಿಯಾದ ಒಂದು ಎತ್ತನ್ನು ಗೋಶಾಲೆಯಲ್ಲಿ ಹತ್ತಿರದಿಂದ ನೋಡಿದವನಿಗೆ ಈ ಐದೂ ಪದಗಳು ಅದರ ಮೈಮೇಲೆ ಬರೆದಿರುವುದು ಕಾಣುತ್ತದೆ. ಮೂಗುದಾರದ ತೂತು ಬಂಧ, ಬೆನ್ನಿನ ಬರೆ ವಧ, ಬೀಜ ಒಡೆದದ್ದು ಛೇದ, ಹೆಗಲ ಮೇಲಿನ ನೊಗದ ಗಡ್ಡೆ ಅತಿಭಾರ, ಎದ್ದು ಕಾಣುವ ಪಕ್ಕೆಲುಬು ಅನ್ನಪಾನನಿರೋಧ. ಆಚಾರ್ಯರು ಈ ಪಟ್ಟಿಯನ್ನು ಬರೆಯುವಾಗ ಅವರ ಕಣ್ಣೆದುರಿಗೆ ಒಂದು ಗಾಡಿಯ ಎತ್ತು ಇದ್ದಿರಬೇಕು ಎನ್ನಿಸುತ್ತದೆ.

ಇನ್ನೂ ಒಂದು ಮಾತು ವರ್ತಕರಿಗೆ ಸಂಬಂಧಿಸಿದೆ. ರೈಲೂ ಲಾರಿಯೂ ಬರುವ ಮೊದಲು ಈ ನಾಡಿನ ಬೆಲ್ಲ, ಮೆಣಸು, ಅಡಿಕೆ, ಬಟ್ಟೆ, ಪಾತ್ರೆಗಳೆಲ್ಲ ಪೇಟೆ ಸೇರಿದ್ದು ಎತ್ತಿನ ಹೆಗಲ ಮೇಲೆ. ವ್ಯಾಪಾರದಲ್ಲಿ ಬಂದ ಲಾಭದಿಂದ ಬಸದಿಗಳು ಎದ್ದವು, ಛತ್ರಗಳು ಎದ್ದವು. ಜೀವಹಿಂಸೆಯಿಲ್ಲದ ವೃತ್ತಿಯೆಂದು ವಾಣಿಜ್ಯವನ್ನು ಆರಿಸಿಕೊಂಡವರ ಸರಕನ್ನು ಎಳೆದದ್ದು ಬಾರುಕೋಲಿನ ಏಟು ತಿಂದ ಜೀವ. ಜಮಾ ಖರ್ಚು ಎರಡನ್ನೂ ಬರೆಯುವುದನ್ನು ಕಲಿತವರಿಗೆ ಇದು ಯಾವ ಕಡೆ ಸೇರಬೇಕೆಂದು ಹೇಳಿಕೊಡಬೇಕಾಗಿಲ್ಲ. ಆದುದರಿಂದ ಗೋಶಾಲೆಯ ಒಂದು ಎತ್ತಿಗೆ ಹಾಕುವ ಮೇವನ್ನು ದಾನವೆಂದು ಕರೆಯುವುದಕ್ಕಿಂತ ಹಳೆಯ ಬಾಕಿಯೆಂದು ಕರೆಯುವುದು ಹೆಚ್ಚು ಪ್ರಾಮಾಣಿಕವಾದೀತು. ಸ್ಮರಣೆಯ ಉಪಯೋಗ ಇಲ್ಲಿದೆ, ಸಾಲಗಾರನ ಮುಖ ನೆನಪಿನಲ್ಲಿ ಉಳಿಯದಿದ್ದರೆ ಸಾಲ ಮರೆತುಹೋಗುತ್ತದೆ, ಸಾಲ ಕೊಟ್ಟವರ ವಿಷಯದಲ್ಲಿ ಅದು ಇನ್ನೂ ಬೇಗ.

ಎತ್ತು ಸತ್ತುಹೋಯಿತಲ್ಲ, ಇನ್ನು ಅದಕ್ಕೆ ತಲುಪುವುದೇನು ಎಂದು ಕೇಳುವವರಿಗೆ ಜನ್ನನ ‘ಯಶೋಧರ ಚರಿತೆ’ಯನ್ನು ನೆನಪಿಸಬೇಕು. 1209ರಲ್ಲಿ ರಚಿತವಾದ ಆ ಕಾವ್ಯದಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಟ್ಟನು. ಅಲ್ಲಿ ಪ್ರಾಣವಿರಲಿಲ್ಲ, ರಕ್ತವಿರಲಿಲ್ಲ. ಸಂಕಲ್ಪವಿತ್ತು. ಆ ಸಂಕಲ್ಪಕ್ಕಾಗಿ ತಾಯಿ ಮಗ ಇಬ್ಬರೂ ನವಿಲಾಗಿ ನಾಯಿಯಾಗಿ, ಕಡೆಗೆ ನಿಜವಾದ ಕೋಳಿಗಳಾಗಿ, ಜನ್ಮಜನ್ಮಾಂತರ ನರಳಬೇಕಾಯಿತು. ಇಲ್ಲದ ಪ್ರಾಣಿಯ ಮೇಲಿನ ಹಿಂಸಾಭಾವಕ್ಕೆ ಅಷ್ಟು ಫಲವಿದ್ದರೆ, ಇಲ್ಲವಾದ ಪ್ರಾಣಿಯ ಮೇಲಿನ ದಯಾಭಾವಕ್ಕೆ ಫಲವಿಲ್ಲವೆಂದು ಯಾವ ನ್ಯಾಯದಿಂದ ಹೇಳಲು ಬರುತ್ತದೆ? ಫಲ ಎತ್ತಿಗಲ್ಲ, ನೆನೆಯುವವನಿಗೆ. ಎತ್ತಿನ ಜೀವ ಆಗಲೇ ತನ್ನ ಕರ್ಮವನ್ನು ಹೊತ್ತು ಬೇರೆಡೆ ಹೋಗಿದೆ.

ಎತ್ತನ್ನು ಕೀಳು ಜೀವವೆಂದು ತಿಳಿದು ಇಷ್ಟು ವಿಚಾರ ಏಕೆಂದು ಕೆಲವರಿಗೆ ತೋರಬಹುದು. ಆಗಮದಲ್ಲಿ ಮನಸ್ಸುಳ್ಳ ಪಂಚೇಂದ್ರಿಯ ತಿರ್ಯಂಚನಿಗೆ ಐದನೆಯ ಗುಣಸ್ಥಾನದವರೆಗೆ ಏರುವ ಯೋಗ್ಯತೆಯನ್ನು ಹೇಳಿದೆ, ಅಂದರೆ ವ್ರತ ಹಿಡಿದ ಶ್ರಾವಕನ ಸ್ಥಾನ. ಪಾರ್ಶ್ವನಾಥರ ಜೀವವು ಹಿಂದೆ ಆನೆಯಾಗಿದ್ದಾಗ ವ್ರತಗಳನ್ನು ಹಿಡಿದಿತ್ತು. ಮಹಾವೀರರ ಜೀವ ಸಿಂಹವಾಗಿದ್ದಾಗ ಹಿಡಿದಿತ್ತು. ಆದಿನಾಥರ ಪೀಠದಲ್ಲಿ ವೃಷಭವಿದೆ, ವಾಸುಪೂಜ್ಯರ ಪೀಠದಲ್ಲಿ ಎಮ್ಮೆಯ ಜಾತಿಯದಿದೆ, ಕುಂಥುನಾಥರದರಲ್ಲಿ ಆಡಿದೆ. ಪ್ರತಿದಿನ ಅಭಿಷೇಕದ ನೀರು ಅವುಗಳ ಮೇಲೂ ಹರಿಯುತ್ತದೆ.

ಲೌಕಿಕ ನ್ಯಾಯವೂ ಈ ದಾರಿಯಲ್ಲಿ ಸ್ವಲ್ಪ ದೂರ ಬಂದಿದೆ. 1958ರ ಹನೀಫ್ ಖುರೇಷಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ದುಡಿಯಲಾರದ ಎತ್ತುಗಳ ವಧೆಯನ್ನು ಪೂರ್ತಿ ನಿಷೇಧಿಸುವುದು ಸರಿಯಲ್ಲವೆಂದಿತ್ತು. 2005ರಲ್ಲಿ ಗುಜರಾತಿನ ಮಿರ್ಜಾಪುರ ಮೊಕದ್ದಮೆಯಲ್ಲಿ ಏಳು ನ್ಯಾಯಾಧೀಶರ ಪೀಠ ಬಹುಮತದಿಂದ ಆ ನಿಷೇಧವನ್ನು ಎತ್ತಿಹಿಡಿಯಿತು. ಮುದಿ ಎತ್ತೂ ಸಗಣಿ ಗಂಜಲ ಕೊಡುತ್ತದೆ, ಆದುದರಿಂದ ಅದು ನಿರುಪಯೋಗಿಯಲ್ಲ ಎಂಬುದು ಅಲ್ಲಿ ಮುಖ್ಯವಾದ ಒಂದು ವಾದ. ಜೀವಿಗಳ ಮೇಲಿನ ಅನುಕಂಪೆ ನಾಗರಿಕರ ಮೂಲಭೂತ ಕರ್ತವ್ಯವೆಂಬ ಸಂವಿಧಾನದ 51ಎ ವಿಧಿಯನ್ನೂ ನ್ಯಾಯಾಲಯ ನೆನೆಯಿತು. ತೀರ್ಪು ಸಂತೋಷದ್ದೇ. ಆದರೂ ಸಗಣಿಯ ಬೆಲೆಯಿಂದ ಪ್ರಾಣದ ಬೆಲೆಯನ್ನು ಕಟ್ಟಿದರೆ, ಸಗಣಿಗೆ ಗಿರಾಕಿ ಇಲ್ಲದ ದಿನ ಏನು ಗತಿ? ಉಪಯೋಗವನ್ನು ತೋರಿಸಿಯೇ ಉಳಿಸಬೇಕಾದ ಜೀವ ಇನ್ನೂ ಪೂರ್ತಿ ಉಳಿದಂತೆ ಆಗಲಿಲ್ಲ. ಕಾಯಿದೆ ಕೊಲೆಯನ್ನು ತಡೆಯಬಲ್ಲದು, ಮೇವನ್ನು ಹಾಕಲಾರದು; 2021ರಲ್ಲಿ ಕರ್ನಾಟಕದ ಹೊಸ ಜಾನುವಾರು ಕಾಯಿದೆ ಜಾರಿಗೆ ಬಂದ ಮೇಲೆ ರೈತನು ಸಾಕಲಾರದ ಎತ್ತನ್ನು ಯಾರು ಸಾಕಬೇಕೆಂಬ ಪ್ರಶ್ನೆ ಗೋಶಾಲೆಗಳ ಬಾಗಿಲಿಗೇ ಬಂದು ನಿಂತಿತು.

ಹೀಗಿರಲಾಗಿ ಧರ್ಮದರ್ಶಿಗಳು ಕಲ್ಲಿನ ವಿಷಯದಲ್ಲಿ ಏನು ಮಾಡಬೇಕು? ಹುಲ್ಲೇ ಮೊದಲು ಎಂಬ ವ್ಯವಹಾರಸ್ಥರ ಮಾತು ಅಲ್ಲಗಳೆಯಲಾಗದ್ದು. 2023ರಂಥ ಬರಗಾಲದಲ್ಲಿ ಗೋಡೆಯ ಮೇಲೆ ಸತ್ತ ಎತ್ತಿನ ಹೆಸರು, ಗೋದಲಿಯಲ್ಲಿ ಖಾಲಿ ಎಂದಾದರೆ ಅನ್ನಪಾನನಿರೋಧದ ಅತಿಚಾರ ಸಂಸ್ಥೆಗೇ ತಗಲುತ್ತದೆ. ಆದರೆ ಕಲ್ಲು ಬೇಕೆಂದೇನೂ ಇಲ್ಲ, ದಫ್ತರ ಸಾಕು. ಈಗ ಪ್ರತಿ ದನದ ಕಿವಿಯಲ್ಲಿಯೂ ಹಳದಿ ಬಿಲ್ಲೆಯ ಮೇಲೆ ಹನ್ನೆರಡು ಅಂಕಿಯ ಸಂಖ್ಯೆ ಇರುತ್ತದೆ. ಲಸಿಕೆಗೂ ಸರ್ಕಾರಿ ಲೆಕ್ಕಕ್ಕೂ ಅದು ಅವಶ್ಯಕ. ಆ ಸಂಖ್ಯೆಯ ಪಕ್ಕದಲ್ಲಿ ಹೆಸರು, ಅದು ಎಲ್ಲಿಂದ ಯಾವ ಸ್ಥಿತಿಯಲ್ಲಿ ಬಂದಿತು, ಮೈಮೇಲೆ ಏನೇನು ಗಾಯಗಳಿದ್ದವು, ಯಾರು ನೋಡಿಕೊಂಡರು, ಯಾವ ದಿನ ತೀರಿಕೊಂಡಿತು ಎಂದು ನಾಲ್ಕು ಸಾಲು ಬರೆಯಲು ಮಸಿಯ ಖರ್ಚು ಮಾತ್ರ. 1834ರಲ್ಲಿ ಸರ್ ಜಮ್‌ಷೇಟ್‌ಜಿ ಜೀಜೀಭಾಯಿಯವರೂ ಶೇಠ್ ಅಮೀಚಂದ ಶಾ ಅವರೂ ಮುಂಬಯಿಯಲ್ಲಿ ಪಾಂಜರಾಪೋಲು ಸ್ಥಾಪಿಸಿದ ಕಾಲದಿಂದ ಇಂಥ ಪುಸ್ತಕಗಳನ್ನು ಎಲ್ಲ ಕಡೆ ಇಟ್ಟಿದ್ದರೆ, ಒಂದು ಅಪೂರ್ವವಾದ ಗ್ರಂಥಭಂಡಾರವೇ ಆಗುತ್ತಿತ್ತು. ಆ ಸಾಲುಗಳನ್ನು ಬರೆಸುವಾಗ ಆಳನ್ನೇ ಕರೆದು ಕೇಳಬೇಕು, ಗೊತ್ತಿರುವುದು ಅವನಿಗೆ. ದಾನಿಯ ಹೆಸರು ಬೇರೆ ಪುಸ್ತಕದಲ್ಲಿರಲಿ.

ಪದ್ಮಪುರಾಣದಲ್ಲಿ ರವಿಷೇಣಾಚಾರ್ಯರು ಹೇಳುವ ಪದ್ಮರುಚಿಯ ವೃತ್ತಾಂತವನ್ನು ವರ್ತಕರ ಮನೆಗಳಲ್ಲಿ ಇನ್ನೂ ಹೆಚ್ಚಾಗಿ ಓದಬೇಕು, ಏಕೆಂದರೆ ಪದ್ಮರುಚಿ ಒಬ್ಬ ಶ್ರೇಷ್ಠಿ. ಅವನು ದಾರಿಯಲ್ಲಿ ಹೋಗುವಾಗ ಸಾಯುತ್ತ ಬಿದ್ದಿದ್ದ ಒಂದು ಎತ್ತನ್ನು ಕಂಡನು. ಅದು ಅವನ ಎತ್ತಲ್ಲ. ವಾಹನದಿಂದ ಇಳಿದು ಅದರ ಕಿವಿಯಲ್ಲಿ ಪಂಚನಮಸ್ಕಾರವನ್ನು ಹೇಳಿದನು, ಎತ್ತು ಪ್ರಾಣಬಿಟ್ಟಿತು, ಅವನು ತನ್ನ ದಾರಿ ಹಿಡಿದು ಹೋದನು. ಆ ಜೀವ ಅದೇ ಊರಿನ ರಾಜನಿಗೆ ಮಗನಾಗಿ ಹುಟ್ಟಿತು. ವೃಷಭಧ್ವಜನೆಂಬ ಆ ಕುಮಾರನು ಒಂದು ದಿನ ತಿರುಗಾಡುತ್ತ ಎತ್ತು ಸತ್ತ ಸ್ಥಳಕ್ಕೆ ಬಂದಾಗ ಅವನಿಗೆ ಜಾತಿಸ್ಮರಣವಾಯಿತು. ಹಸಿವು, ಚಳಿ, ಹೊತ್ತ ಭಾರ ಎಲ್ಲವೂ ನೆನಪಾದವು. ಕಿವಿಯಲ್ಲಿ ಕೇಳಿದ ಮಾತು ನೆನಪಾಯಿತು, ಹೇಳಿದವನಾರೆಂದು ಮಾತ್ರ ತಿಳಿಯಲಿಲ್ಲ. ಅವನು ಅಲ್ಲಿ ಒಂದು ಜಿನಾಲಯವನ್ನು ಕಟ್ಟಿಸಿ, ಬಿದ್ದಿರುವ ಎತ್ತನ್ನೂ ಅದರ ಬಳಿ ಬಾಗಿರುವ ಮನುಷ್ಯನನ್ನೂ ಚಿತ್ರದಲ್ಲಿ ಬರೆಸಿದನು. ಯಾರು ಇದನ್ನು ನೋಡುತ್ತ ಹೆಚ್ಚು ಹೊತ್ತು ನಿಲ್ಲುವರೋ ಅವರನ್ನು ತಿಳಿಸಿರೆಂದು ಕಾವಲಿನವರಿಗೆ ಹೇಳಿದನು. ಎಷ್ಟೋ ಜನ ಬಂದರು, ಚಿತ್ರವನ್ನು ಕಂಡರು, ಮುಂದೆ ಹೋದರು. ಒಂದು ದಿನ ಪದ್ಮರುಚಿ ದರ್ಶನಕ್ಕೆ ಬಂದವನು ಗೋಡೆಯ ಬಳಿ ನಿಂತುಬಿಟ್ಟನು. ಸುದ್ದಿ ಹೋಯಿತು, ಕುಮಾರನು ಆನೆಯ ಮೇಲಿನಿಂದ ಇಳಿದು ಓಡಿಬಂದು, ಈ ಎತ್ತು ಯಾವುದು ಬಲ್ಲಿರಾ ಎಂದು ಕೇಳಿದನು.